ಹಳೆ ಕೋವಿಗೆ ಹೊಸ ತಿರುಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೇ ಬೇರೆ. ಸೆಪ್ಟೆಂಬರ್ 3ಕ್ಕೆ ಅಂತ ಕೋವಿಯನ್ನು ಗೋಡೆಯಿಂದ ಇಳಿಸಿ, ಒರೆಸಿ, ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಡುವಾಗಲೇ ಅಲ್ವಾ ಗೊತ್ತಾಗುವುದು, ಒಂದು ತಿರುಪು ಇಲ್ಲ, ಹಿಡಿ ಬಿರುಕು ಬಿಟ್ಟಿದೆ, ಹೆಗಲ ಪಟ್ಟಿಯ ಬಳೆ ಯಾವಾಗಲೋ ಬಿದ್ದುಹೋಗಿದೆ ಅಂತ. ಈ ಸಲ ಬಂದ ಪತ್ರಗಳಲ್ಲಿ ಹಳೆ ಸೈನ್ಯದ ಕೋವಿಗಳ ಬಗ್ಗೆಯೇ ಜಾಸ್ತಿ ಇದ್ದವು. ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದಾರೆ, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಒಂದು ಉದ್ದ ಕೇಪಿನ ಕೋವಿ ಇದೆ, ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವಂಥದ್ದು. ನಳಿಗೆಗೆ ಮೂರು ಪಟ್ಟಿ. ಲಾಕ್ (ಕೇಪಿಗೆ ಹೊಡೆಯುವ ಯಂತ್ರ) ಮೇಲೆ ಕಿರೀಟ, 1859, ಟವರ್ ಅಂತ ಅಕ್ಷರ. ಎಡಗಡೆಯಿಂದ ಲಾಕ್ ಹಿಡಿದುಕೊಳ್ಳುವ ಎರಡು ಉದ್ದ ತಿರುಪುಗಳಲ್ಲಿ ಒಂದು ಕಾಣೆಯಾಗಿದೆ. ಅಂಗಡಿಯಿಂದ ಎಂ6 ಬೋಲ್ಟ್ ತಂದು ಹಾಕಿದೆ. ಮೊದಲು ಕೂತ ಹಾಗೆ ಇತ್ತು, ಬಿಗಿ ಮಾಡಿದರೆ ಸುಮ್ನೆ ಸುತ್ತುತ್ತದೆ. ಸರಿಯಾದದ್ದು ಎಲ್ಲಿ ಸಿಗುತ್ತದೆ? (ನಾಪೋಕ್ಲು)

ಉತ್ತರ: ಮೊದಲು ಆ ಎಂ6 ಬೋಲ್ಟ್ ತೆಗೆಯಿರಿ. ಇವತ್ತೇ.

ನಿಮ್ಮದು ಎನ್‌ಫೀಲ್ಡ್‌ನ 1853ರ ಮಾದರಿ ಇರಬೇಕು. 39 ಇಂಚು ನಳಿಗೆ, .577 ಇಂಚು ಬೋರ್ (ನಳಿಗೆಯ ಒಳ ಅಗಲ). 1857ರಲ್ಲಿ ಕೊಬ್ಬು ಸವರಿದ ಕಾಡತೂಸಿನಿಂದ ಗಲಾಟೆ ಎದ್ದಿತಲ್ಲ, ಅದೇ ಕೋವಿ. ಆ ದಂಗೆಯ ಮೇಲೆ ದೇಶಿ ಸಿಪಾಯಿಗಳಿಗೆ ಅಂತ ಹೊರಗಿನಿಂದ ಅದೇ ರೂಪದ, ಆದರೆ ಒಳಗೆ ಗೆರೆ ಇಲ್ಲದ ನುಣುಪು ನಳಿಗೆಯ ಕೋವಿಗಳನ್ನು ಮಾಡಿಸಿದರು. ಅವುಗಳ ಬೋರ್ ಇನ್ನೂ ದೊಡ್ಡದು. ಬಾಯಿಯ ಹತ್ತಿರ ಬೆಳಕು ಹಿಡಿದು ನೋಡಿದರೆ ನಿಮ್ಮದು ಯಾವುದು ಅಂತ ಗೊತ್ತಾಗುತ್ತದೆ. ಆದರೆ ನೋಡುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಕೆಳಗೆ ಬೇರೆ ಪತ್ರಕ್ಕೆ ಉತ್ತರವಾಗಿ ಬರೆದಿದ್ದೇನೆ, ದಯವಿಟ್ಟು ಅದನ್ನು ಓದಿ ಆಮೇಲೆ ಕೋವಿ ಮುಟ್ಟಿ.

ಟವರ್ ಅನ್ನುವ ಆ ಅಕ್ಷರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಎನ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆ ಆ ಕಾಲಕ್ಕೆ ಅಮೆರಿಕದಿಂದ ಯಂತ್ರ ತರಿಸಿ, ಒಂದು ಕೋವಿಯ ಭಾಗ ಇನ್ನೊಂದಕ್ಕೆ ಕೂರುವ ಹಾಗೆ ಮಾಡುತ್ತಿತ್ತು. ಟವರ್ ಗುರುತಿನವು ಬರ್ಮಿಂಗ್‌ಹ್ಯಾಮ್, ಲಂಡನ್‌ನ ಗುತ್ತಿಗೆದಾರರು ಕೈಯಿಂದ ಅರ ಹಾಕಿ ಕೂರಿಸಿದವು. ನೋಡುವುದಕ್ಕೆ ಅವಳಿಜವಳಿ. ಭಾಗ ಮಾತ್ರ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ವಿದೇಶದಿಂದ ತರಿಸಿದ ರೆಡಿ ತಿರುಪು ಕೂಡ ನಿಮ್ಮ ಕೋವಿಗೆ ಕೂರುತ್ತದೆ ಅಂತ ಹೇಳಲಾಗದು. ಅಳತೆ ತೆಗೆದು ಮಾಡಿಸಬೇಕು.

ಈಗ ಎಂ6 ಯಾಕೆ ಮೋಸ ಮಾಡಿತು ನೋಡಿ. ಹಳೆ ತಿರುಪು ಕಾಲಿಂಚು ದಪ್ಪ ಅಂತ ಇಟ್ಟುಕೊಳ್ಳಿ, ಅಂದರೆ 6.35 ಮಿಲಿಮೀಟರ್. ಎಂ6 ಅಂದರೆ 6. ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ. ಎಂ6ರ ಸುತ್ತಿನ ಅಂತರ 1 ಮಿಲಿಮೀಟರ್, ಇಂಚಿಗೆ 25.4 ಸುತ್ತು ಬಂತು. ಹಳೆ ಇಂಗ್ಲಿಷ್ ತಿರುಪುಗಳಲ್ಲಿ ಇದಕ್ಕೆ ಹತ್ತಿರದ ಲೆಕ್ಕದವೂ ಇವೆ. ಹಾಗಾಗಿ ಮೊದಲ ಎರಡು ಮೂರು ಸುತ್ತು ಸರಿಯಾಗಿ ಕೂತ ಹಾಗೆ ಅನ್ನಿಸುತ್ತದೆ, ಆದರೆ ಹಿಡಿದುಕೊಂಡಿರುವುದು ಸುತ್ತುಗಳ ತುದಿ ಮಾತ್ರ. ಬಿಗಿ ಮಾಡಿದ ಕೂಡಲೇ ಆ ತುದಿ ಸವೆಯುತ್ತದೆ. ಇನ್ನೊಂದು ವಿಷಯ, ಹಲ್ಲಿನ ಕೋನ. ಮೆಟ್ರಿಕ್ ಹಲ್ಲು 60 ಡಿಗ್ರಿ. 1841ರಲ್ಲಿ ವಿಟ್‌ವರ್ತ್ ಹೇಳಿದ ಅಳತೆ 55 ಡಿಗ್ರಿ. ಕೋವಿ ಕಾರ್ಖಾನೆಗಳು ಅದನ್ನೂ ಪೂರ್ತಿ ಪಾಲಿಸದೆ ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದವು.

ಈ ಅವಾಂತರದಲ್ಲಿ ಜನ ಮಾಡುವ ಅತಿ ಕೆಟ್ಟ ಕೆಲಸ ಯಾವುದು ಗೊತ್ತಾ, ಹೊಸ ಬೋಲ್ಟ್ ಕೂರಲಿ ಅಂತ ಲಾಕ್ ಪ್ಲೇಟಿನ ಹಳೆ ತೂತಿಗೇ ಟ್ಯಾಪ್ ಹಾಕುವುದು, ಅಂದರೆ ಹೊಸ ಹಲ್ಲು ಕೊಯ್ಯುವುದು. 160 ವರ್ಷ ಉಳಿದ ಹಲ್ಲು ಅರ್ಧ ನಿಮಿಷದಲ್ಲಿ ಹೋಗುತ್ತದೆ. ತಿರುಪು ಕಳೆದರೆ ಇನ್ನೊಂದು ಮಾಡಿಸಬಹುದು, ಲಾಕ್ ಪ್ಲೇಟ್ ಎಲ್ಲಿಂದ ತರುತ್ತೀರಿ? ಹೊಸ ಭಾಗವನ್ನು ಕೋವಿಗೆ ತಕ್ಕ ಹಾಗೆ ಮಾಡಬೇಕು. ಕೋವಿಯನ್ನು ಹೊಸ ಭಾಗಕ್ಕೆ ತಕ್ಕ ಹಾಗೆ ಯಾವತ್ತೂ ಮಾಡಬಾರದು. ಈ ಸಂಚಿಕೆಯ ಎಲ್ಲ ಉತ್ತರಕ್ಕೂ ಬುಡ ಇದೇ.

ನಿಮ್ಮ ಪುಣ್ಯ, ಎರಡರಲ್ಲಿ ಒಂದು ತಿರುಪು ಉಳಿದಿದೆ. ಅದೇ ನಿಮ್ಮ ಅಚ್ಚು. ಅದನ್ನು ಬಿಚ್ಚಿ, ಒರೆಸಿ, ಹಲ್ಲಿನ ಭಾಗವನ್ನು ಮೆತ್ತಗಿನ ಮೇಣದ ಮೇಲೆ ಒತ್ತಿ. ಮೂಡಿದ ಗೆರೆಗಳನ್ನು ಅರ್ಧ ಇಂಚಿಗೆ ಎಷ್ಟು ಅಂತ ಎಣಿಸಿ, ಎರಡರಿಂದ ಗುಣಿಸಿ. ಹಲ್ಲಿನ ಅಂತರ ನೋಡುವ ಪಿಚ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಇಂಚಿನ ಗೇಜ್ ಬೇಕು, ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಮೆಟ್ರಿಕ್‌ನದ್ದು. ದಪ್ಪವನ್ನು ಹಲ್ಲಿನ ಮೇಲೂ, ಹಲ್ಲಿಲ್ಲದ ಕಡೆಯೂ ಅಳೆಯಿರಿ. ತಲೆಯ ಅಗಲ, ಗುಮ್ಮಟದ ಎತ್ತರ, ಸ್ಕ್ರೂಡ್ರೈವರ್ ಕೂರುವ ಗೆರೆಯ ಅಗಲ ಬರೆದುಕೊಳ್ಳಿ. ಹಳೆ ತಿರುಪಿನ ಗೆರೆ ತುಂಬಾ ಸಪೂರ ಇರುತ್ತದೆ, ಈಗಿನವರು ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದು ದಪ್ಪ ಮಾಡಿಬಿಡುತ್ತಾರೆ, ದೂರದಿಂದಲೇ ಹೊಸದು ಅಂತ ಹೇಳಬಹುದು. ಉದ್ದ ಮಾತ್ರ ಇನ್ನೊಂದು ತಿರುಪಿನದ್ದೇ ಇರಬೇಕು ಅಂತಿಲ್ಲ, ಮರದ ದಪ್ಪ ಎರಡೂ ಕಡೆ ಒಂದೇ ಅಲ್ಲವಲ್ಲ. ತೂತಿನಲ್ಲಿ ಸಪೂರ ಕಡ್ಡಿ ಇಳಿಸಿ ಅಳೆಯಿರಿ. ತುದಿ ಬಲಗಡೆ ಲಾಕ್ ಪ್ಲೇಟಿನ ಮಟ್ಟಕ್ಕೆ ನಿಲ್ಲಬೇಕು, ಹೊರಗೆ ಬರಬಾರದು.

ಯಾವ ಲೋಹ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆದು ಉಕ್ಕು ಸಾಕು. ಗಟ್ಟಿ ಇರಲಿ ಅಂತ 12.9 ಗ್ರೇಡಿನ ಕಪ್ಪು ಅಲೆನ್ ಬೋಲ್ಟ್ ಕಡೆದು ಮಾಡಿಸುವವರಿದ್ದಾರೆ. ಅದು ಹಳೆ ಕಬ್ಬಿಣಕ್ಕಿಂತ ಎಷ್ಟೋ ಗಟ್ಟಿ. ಮುಂದೆ ಒಂದು ದಿನ ಯಾರೋ ಜೋರಾಗಿ ತಿರುಗಿಸಿದಾಗ ಎರಡರಲ್ಲಿ ಒಂದು ಸೋಲಲೇಬೇಕು, ಸೋಲುವುದು ಹೊಸ ತಿರುಪಾಗಿರಲಿ. ಹಲ್ಲನ್ನು ಡೈನಲ್ಲಿ ಅಲ್ಲ, ಲೇತಿನಲ್ಲಿ ಒಂಟಿ ಟೂಲಿನಿಂದ ಕೊಯ್ಯಬೇಕು, ಟೂಲನ್ನು 55 ಡಿಗ್ರಿಗೆ ಉಜ್ಜಿರಬೇಕು. ಲೇತಿನ ಲೀಡ್‌ಸ್ಕ್ರೂ ಮೆಟ್ರಿಕ್ ಆಗಿದ್ದು, ಗೇರ್‌ಬಾಕ್ಸಿನಲ್ಲಿ ಇಂಚಿನ ಲೆಕ್ಕ ಇಲ್ಲದಿದ್ದರೆ 127 ಹಲ್ಲಿನ ಗೇರ್ ಬೇಕು. 25.4ನ್ನು 5ರಿಂದ ಗುಣಿಸಿದರೆ 127 ಬರುತ್ತದೆ, ಇಂಚು ಮತ್ತು ಮಿಲಿಮೀಟರ್ ಎರಡೂ ಶೇಷವಿಲ್ಲದೆ ಸೇರುವುದು ಆ ಒಂದು ಗೇರಿನಲ್ಲಿ. ಹಳೆ ಎಚ್‌ಎಂಟಿ ಲೇತ್ ಇಟ್ಟುಕೊಂಡ ಹಿರಿಯ ಫಿಟರ್‌ಗಳಿಗೆ ಇದೆಲ್ಲ ಬಾಯಿಪಾಠ.

ಕೊನೆಗೆ ತಲೆಯನ್ನು ಹೊಳಪು ಮಾಡಿ ನಿಧಾನವಾಗಿ ಬಿಸಿ ಮಾಡಿದರೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ ಆಗಿ ಸುಮಾರು 300 ಡಿಗ್ರಿಗೆ ನೀಲಿ ಬರುತ್ತದೆ. ಆಗ ಎಣ್ಣೆಗೆ ಹಾಕಬೇಕು. ಅಂಗಡಿಯ ಕಪ್ಪು ಪೇಂಟಿಗಿಂತ ಸಾವಿರ ಪಾಲು ವಾಸಿ.

ಅಳತೆ ತೆಗೆಯುವುದು ನಿಮ್ಮ ಕೆಲಸ. ಮಾಡಿಸುವುದು ಮಾತ್ರ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಮೂಲಕ. ಯಾಕೆ ಅಂತ ಮುಂದಿನ ಪತ್ರದಲ್ಲಿ ಇದೆ.

ಪ್ರಶ್ನೆ: ನನ್ನದು ಚಿಕ್ಕ ಲೇತ್ ವರ್ಕ್‌ಶಾಪ್. ಕಾಫಿ ಪಲ್ಪರ್, ಪಂಪ್‌ಸೆಟ್ ಕೆಲಸ ಜಾಸ್ತಿ. ಈಚೆಗೆ ಪರಿಚಯದವರು ಹಳೆ ರೈಫಲ್‌ನ ಫೈರಿಂಗ್ ಪಿನ್, ಕುದುರೆ (ಹ್ಯಾಮರ್), ಒಳಗಿನ ಸ್ಪ್ರಿಂಗ್ ಎಲ್ಲ ಮಾಡಿಕೊಡು ಅಂತ ಬರುತ್ತಾರೆ. ನಮಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯಲ್ಲ, ಮಾಡಬಹುದಾ? (ವಿರಾಜಪೇಟೆ)

ಉತ್ತರ: ಬೇಡ. ಇದರಲ್ಲಿ ಎರಡು ಮಾತಿಲ್ಲ.

ನಮ್ಮ ವಿನಾಯಿತಿ ಹಳೆಯದು, 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು. ಈಗಿನ ರೂಪದಲ್ಲಿ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಅಂತ 2029ರವರೆಗೆ ಮುಂದುವರಿಸಿದರು. ಅದರ ವಿರುದ್ಧ ಅರ್ಜಿ ಹೋದಾಗ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಎಲ್ಲ ಸರಿ. ಆದರೆ ವಿನಾಯಿತಿ ಇರುವುದು 1959ರ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ. ಅವು ಕೋವಿ ಪಡೆಯುವುದು, ಇಟ್ಟುಕೊಳ್ಳುವುದು, ಹಿಡಿದು ಓಡಾಡುವುದಕ್ಕೆ ಸಂಬಂಧಿಸಿದವು. ಮಾಡುವುದು, ಮಾರುವುದು, ರಿಪೇರಿ ಮಾಡುವುದು, ಪರೀಕ್ಷೆ ಮಾಡುವುದು 5ನೇ ಸೆಕ್ಷನ್‌ಗೆ ಬರುತ್ತದೆ. ಅಲ್ಲಿ ಕೊಡವರಿಗೂ ಇಲ್ಲ, ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನು ಇರುವವರಿಗೂ) ಇಲ್ಲ. ಆಯುಧ ಅನ್ನುವ ವ್ಯಾಖ್ಯೆಯಲ್ಲೇ ಆಯುಧದ ಭಾಗಗಳೂ ಸೇರಿವೆ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಮಾಡಿದರೆ ಶಿಕ್ಷೆ ಕಡಿಮೆ ಅಂದರೆ ಏಳು ವರ್ಷ, ಜೀವಾವಧಿವರೆಗೂ ಹೋಗಬಹುದು. ಪಲ್ಪರ್ ರಿಪೇರಿ ಮಾಡಿ ನೆಮ್ಮದಿಯಾಗಿ ಇರುವವರಿಗೆ ಇದು ಯಾಕೆ ಬೇಕು?

ಕಾನೂನು ಬಿಡಿ, ಕೆಲಸದ ದೃಷ್ಟಿಯಿಂದಲೂ ಬೇಡ. ಫೈರಿಂಗ್ ಪಿನ್ ನೋಡುವುದಕ್ಕೆ ಒಂದು ಸಣ್ಣ ಕಡ್ಡಿ ಅಷ್ಟೇ. ಆದರೆ ಗುಂಡು ಸಿಡಿದಾಗ ಹಿಂದಕ್ಕೆ ಬರುವ ಗಾಳಿಗೂ ಹೊಡೆಯುವವನ ಕಣ್ಣಿಗೂ ನಡುವೆ ಇರುವುದು ಅಂಥ ಭಾಗಗಳೇ. ಅಲ್ಲಿ ಅಳತೆ, ಗಟ್ಟಿತನ ಸ್ವಲ್ಪ ಆಚೀಚೆ ಆದರೂ ಅದರ ಫಲ ಅನುಭವಿಸುವುದು ನೀವಲ್ಲ, ನಿಮ್ಮನ್ನು ನಂಬಿದವರು. ಕುದುರೆ ಹಿಡಿಯುವ ಕಚ್ಚು ಸವೆದಿದ್ದರೆ ಟ್ರಿಗರ್ ಎಳೆಯದೆಯೇ ಗುಂಡು ಹಾರಬಹುದು. ಗುಂಡು ಹಾರುವುದಕ್ಕೆ ಸಂಬಂಧಪಟ್ಟದ್ದು ಏನಿದ್ದರೂ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ ಹೋಗಲಿ.

ಹಾಗಾದರೆ ನಿಮ್ಮಂಥವರಿಗೆ ಏನೂ ಕೆಲಸ ಇಲ್ಲವಾ ಅಂದರೆ, ಇದೆ. ಲೈಸೆನ್ಸ್ ಇರುವ ರಿಪೇರಿಯವರಿಗೆ ಒಳ್ಳೆಯ ಟರ್ನರ್ ಸಿಗುವುದು ಕಷ್ಟ. ಅವರ ಹತ್ತಿರ ಹೋಗಿ ಮಾತಾಡಿ, ಯಾವ ಕೆಲಸ ಯಾವ ರೀತಿ ಮಾಡಿದರೆ ಕಾನೂನಿಗೆ ಸರಿ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ. ಬಂದವರ ಕೋವಿಯನ್ನು ಒಂದು ರಾತ್ರಿಗೂ ನಿಮ್ಮ ಶೆಡ್ಡಿನಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಕೋವಿ ಖಾಲಿ ಇದೆಯಾ ಅಂತ ನೋಡುವುದು ಹೇಗೆ? ಅಜ್ಜ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. (ಚೆಯ್ಯಂಡಾಣೆ)

ಉತ್ತರ: ಇದೇ ಮೇಲೆ ಹೇಳಿದ ಮೊದಲ ಕೆಲಸ. ಕೇಪಿನ ಕೋವಿಯನ್ನು ಮದ್ದು, ಚರೆ ತುಂಬಿ ಹಾಗೇ ಗೋಡೆಗೆ ಒರಗಿಸಿ ಇಡುವುದು ಹಿಂದೆ ಮಾಮೂಲಿ. ಕರಿಮದ್ದು ಒಣಗಿದ ಜಾಗದಲ್ಲಿ ಇದ್ದರೆ ಎಷ್ಟೋ ದಶಕ ಕಳೆದರೂ ಕೆಡುವುದಿಲ್ಲ. ಹಾರಿಸಿ ನೋಡುತ್ತೇನೆ, ಟ್ರಿಗರ್ ಎಳೆದು ನೋಡುತ್ತೇನೆ ಅನ್ನುವುದೆಲ್ಲ ಬೇಡ.

ಬಾಯಿ ಯಾರ ಕಡೆಗೂ ತಿರುಗದ ಹಾಗೆ ಇಟ್ಟು, ಪಕ್ಕದಿಂದ ಮರದ ಕಡ್ಡಿಯನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ಅದೇ ಕಡ್ಡಿಯನ್ನು ನಳಿಗೆಯ ಹೊರಗಡೆ ಹಿಡಿದು ನೋಡಿ. ಖಾಲಿ ಇದ್ದರೆ ಕಡ್ಡಿಯ ತುದಿ ಕೇಪು ಕೂರುವ ನಿಪ್ಪಲಿನ ಹತ್ತಿರಕ್ಕೆ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ ಅಂತಲೇ ಲೆಕ್ಕ. ಆಗ ಅಲ್ಲಿಗೇ ನಿಲ್ಲಿಸಿ, ಬಿಸಿ, ಕಿಡಿ, ಡ್ರಿಲ್ ಯಾವುದನ್ನೂ ಹತ್ತಿರ ತರದೆ ಗನ್‌ಸ್ಮಿತ್‌ನ್ನು ಕರೆಸಿ. ತುಕ್ಕು ಹಿಡಿದ ತಿರುಪಿಗೆ ಗ್ಯಾಸ್ ಟಾರ್ಚ್ ಹಿಡಿಯುವ ನಮ್ಮ ಊರಿನ ಅಭ್ಯಾಸ ಗೊತ್ತಿದ್ದೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ನಮ್ಮ ಕೋವಿಯ ಹಿಡಿಯ ಹಿಂದಿನ ಹಿತ್ತಾಳೆ ತಗಡು ಅರ್ಧ ಮುರಿದಿದೆ. ಗಂಡನ ಮನೆಯ ಇನ್ನೊಂದು ಕೋವಿಯಲ್ಲಿ ಅಂಥದ್ದೇ ಪೂರ್ತಿ ಇದೆ. ಅದನ್ನು ಅಚ್ಚಾಗಿ ಕೊಟ್ಟು ಎರಕ ಹೊಯ್ಸಿದೆ. ಬಂದದ್ದು ಚಿಕ್ಕದಾಗಿದೆ, ಸುತ್ತಲೂ ಮರ ಹೊರಗೆ ಇಣುಕುತ್ತದೆ. ಎರಕದವರು ಮೋಸ ಮಾಡಿದರಾ? (ಪೊನ್ನಂಪೇಟೆ)

ಉತ್ತರ: ಪಾಪ, ಅವರದ್ದೇನೂ ತಪ್ಪಿಲ್ಲ. ಕರಗಿದ ಹಿತ್ತಾಳೆ ಗಟ್ಟಿಯಾಗಿ ತಣ್ಣಗಾಗುವಾಗ ಕುಗ್ಗುತ್ತದೆ, ನೂರಕ್ಕೆ ಸುಮಾರು ಒಂದೂವರೆ. 120 ಮಿಲಿಮೀಟರ್ ಉದ್ದದ ತಗಡು ಹೆಚ್ಚು ಕಡಿಮೆ 2 ಮಿಲಿಮೀಟರ್ ಗಿಡ್ಡ ಆಗುತ್ತದೆ. ಮೇಲಿಂದ ಅರ ಹಾಕಿ ನಯ ಮಾಡಿದಾಗ ಇನ್ನಷ್ಟು ಹೋಗುತ್ತದೆ. ತಿರುಪಿನ ತೂತುಗಳ ನಡುವಿನ ಅಂತರವೂ ಕಡಿಮೆಯಾಗಿರುತ್ತದೆ, ನೋಡಿ. ಈಗ ದಯವಿಟ್ಟು ಮರವನ್ನು ಉಜ್ಜಿ ತಗಡಿನ ಅಳತೆಗೆ ತರಬೇಡಿ. ಆ ಮರ ಮತ್ತೆ ಬೆಳೆಯುವುದಿಲ್ಲ.

ಮಾಡಬೇಕಾದ್ದು ಇಷ್ಟು. ಒಳ್ಳೆಯ ತಗಡಿನ ಅಚ್ಚು ತೆಗೆದು ಮೇಣದಲ್ಲಿ ಒಂದು ಪ್ರತಿ ಮಾಡಿಸಿ. ಆ ಮೇಣದ ಪ್ರತಿಗೆ ಅಂಚಿನಲ್ಲೂ ಹಿಂಬದಿಯಲ್ಲೂ ಮೇಣ ಸೇರಿಸಿ ಸುತ್ತಲೂ 2 ಮಿಲಿಮೀಟರ್ ದೊಡ್ಡದು ಮಾಡಿ. ತೂತುಗಳನ್ನು ಮೇಣದಲ್ಲಿ ಮುಚ್ಚಿಬಿಡಿ. ಎರಕ ಆದ ಮೇಲೆ, ನಿಮ್ಮ ಕೋವಿಯ ಮರದಲ್ಲಿ ಇರುವ ತೂತಿಗೇ ಹೊಂದಿಸಿ ಹೊಸದಾಗಿ ಕೊರೆಯಬೇಕು, ಇನ್ನೊಂದು ಕೋವಿಯ ಅಳತೆಗೆ ಅಲ್ಲ. ಆಮೇಲೆ ಅಂಚನ್ನು ಅರ ಹಾಕುತ್ತಾ ಮರದ ಮಟ್ಟಕ್ಕೆ ತರಬೇಕು. ಮರಕ್ಕೆ ಅರ ತಾಗದ ಹಾಗೆ ಸುತ್ತ ಟೇಪ್ ಅಂಟಿಸಿ. ದೇವರ ವಿಗ್ರಹ ಮಾಡುವ ನಾಗಮಂಗಲದ ಎರಕದವರಿಗೆ ಮೇಣದ ಕೆಲಸ ಚೆನ್ನಾಗಿ ಗೊತ್ತು, ಅವರ ಕೈಗೆ ಮೇಣದ ಪ್ರತಿ ಮಾತ್ರ ಕಳಿಸಿದರೆ ಸಾಕು, ಕೋವಿ ಮನೆಯಿಂದ ಹೊರಡುವ ಅಗತ್ಯವೇ ಇಲ್ಲ.

ಬಣ್ಣದ ಬಗ್ಗೆ. ಹಳೆ ಹಿತ್ತಾಳೆ ಸ್ವಲ್ಪ ಕೆಂಪು ಛಾಯೆ, ತಾಮ್ರ ಜಾಸ್ತಿ. ಈಗಿನ ಗುಜರಿ ಹಿತ್ತಾಳೆ, ಅದರಲ್ಲೂ ನಲ್ಲಿಯ ತುಂಡು ಕರಗಿಸಿದ್ದು, ಹಳದಿ ಹೊಡೆಯುತ್ತದೆ. ಎರಕದವರಿಗೆ ಮುರಿದ ಅರ್ಧ ತಗಡನ್ನು ತೋರಿಸಿ, ಬಣ್ಣ ಹೊಂದಿಸಿ ಅನ್ನಿ. ತೋರಿಸಿ ಅಂದೆ, ಕರಗಿಸಲು ಕೊಡಿ ಅನ್ನಲಿಲ್ಲ! ಮುರಿದದ್ದನ್ನು ವಾಪಸ್ ತಂದು ಒಂದು ಚೀಲದಲ್ಲಿ ಹಾಕಿ, ಯಾವ ಕೋವಿಯದ್ದು ಅಂತ ಚೀಟಿ ಬರೆದು ಇಡಿ. ಅದರ ಮೇಲೆ ರೆಜಿಮೆಂಟಿನ ಅಕ್ಷರ, ಅಂಕಿ ಏನಾದರೂ ಇದ್ದರೆ ಹೊಸದರ ಮೇಲೆ ಅದನ್ನು ಕೊರೆಸಬೇಡಿ. ಬದಲಿಗೆ ಒಳಬದಿಯಲ್ಲಿ, ಕಾಣದ ಕಡೆ, ಮಾಡಿಸಿದ ವರ್ಷ ಕೊರೆಸಿ. ನಿಮ್ಮ ಮೊಮ್ಮಕ್ಕಳಿಗೆ ಯಾವುದು ಹಳತು, ಯಾವುದು ಹೊಸತು ಅಂತ ಗೊತ್ತಾಗಬೇಕಲ್ಲ.

ಪ್ರಶ್ನೆ: ಮಾರ್ಟಿನಿ ಕೋವಿಯ ಹಿಡಿ ಮಳೆಗಾಲದಲ್ಲಿ ಬಿಗಿ, ಬೇಸಿಗೆಯಲ್ಲಿ ಲೊಡಲೊಡ. ಈ ವರ್ಷ ಕಬ್ಬಿಣಕ್ಕೆ ಸೇರುವ ಕಡೆ ಸೀಳಿದೆ, ಒಂದು ಚಕ್ಕೆ ಎದ್ದುಹೋಗಿದೆ. ಮನೆಯಲ್ಲಿ ಬೀಟೆ ತುಂಡು ಇದೆ, ಹೊಸ ಹಿಡಿಯನ್ನೇ ಮಾಡಿಸೋಣವಾ? (ಭಾಗಮಂಡಲ)

ಉತ್ತರ: ಭಾಗಮಂಡಲದ ಮಳೆಯಲ್ಲಿ ಕೋವಿ ಏನು, ಮನುಷ್ಯನೂ ಉಬ್ಬುತ್ತಾನೆ.

ಮಾರ್ಟಿನಿ-ಹೆನ್ರಿ 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಕೋವಿ. ಅದರ ಮರ ಎರಡು ತುಂಡು. ಹಿಂದಿನ ಹಿಡಿ ಕಬ್ಬಿಣದ ಪೆಟ್ಟಿಗೆಯ ಹಿಂಬದಿಯ ಕುಳಿಯೊಳಗೆ ಕೂತು, ಹಿಡಿಯ ಉದ್ದಕ್ಕೂ ಒಳಗೆ ಹೋಗುವ ಒಂದು ಉದ್ದ ಬೋಲ್ಟ್‌ನಿಂದ ಬಿಗಿಯಾಗಿರುತ್ತದೆ. ಬೋಲ್ಟಿನ ತಲೆ ಕಾಣಬೇಕಾದರೆ ಹಿಂದಿನ ತಗಡು ಬಿಚ್ಚಬೇಕು. ಮರ ನೀರು ಕುಡಿದಾಗ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಸುತ್ತ ಕಬ್ಬಿಣ ಹಿಡಿದುಕೊಂಡಿರುವ ಕಡೆ ಹಿಗ್ಗಲು ಜಾಗ ಇಲ್ಲ, ಹಾಗಾಗಿ ಮರದ ನಾರು ಒಳಗೇ ಜಜ್ಜಿಹೋಗುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ, ಅದೇ ನಿಮ್ಮ ಲೊಡಲೊಡ. ಆಗ ಮನೆಯವರು ಬೋಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ. ಮುಂದಿನ ಜೂನ್‌ಗೆ ಹಿಗ್ಗಲು ಇನ್ನೂ ಕಡಿಮೆ ಜಾಗ. ವರ್ಷ ವರ್ಷ ಹೀಗೇ ನಡೆದು ಒಂದು ದಿನ ಸೀಳುತ್ತದೆ.

ಹೊಸ ಹಿಡಿ ಬೇಡ. ಚಕ್ಕೆ ಎದ್ದದ್ದಕ್ಕೆ ತೇಪೆ ಹಾಕಿದರೆ ಸಾಕು. ಬೀಟೆ ನಮ್ಮ ಹೆಮ್ಮೆ ಹೌದು, ಆದರೆ ಇಲ್ಲಿ ಸರಿಹೊಂದುವುದಿಲ್ಲ. ಸೈನ್ಯದ ಹಿಡಿಗಳು ಅಕ್ರೋಟು ಮರದವು. ಬೀಟೆ ಅದಕ್ಕಿಂತ ಭಾರ, ಗಟ್ಟಿ, ಒಳಗೆ ಎಣ್ಣೆಯಂಶ ಇರುವುದರಿಂದ ಅಂಟು ಸುಲಭವಾಗಿ ಹಿಡಿಯುವುದಿಲ್ಲ, ಅಸಿಟೋನ್‌ನಲ್ಲಿ ಒರೆಸಿ ಆಮೇಲೆ ಅಂಟಿಸಬೇಕು. ಒಂದೇ ಹಿಡಿಯಲ್ಲಿ ಎರಡು ಮರ ಎರಡು ರೀತಿ ಹಿಗ್ಗಿದರೆ ಮತ್ತೆ ಸೀಳುತ್ತದೆ. ಬೀಟೆಯ ಪುಡಿ ಕೆಲವರಿಗೆ ಚರ್ಮ ತುರಿಕೆ, ಉಬ್ಬಸ ತರುತ್ತದೆ ಅನ್ನುವುದೂ ನೆನಪಿರಲಿ. ಹಳೆ ಮುರಿದ ಪೀಠೋಪಕರಣದಲ್ಲಿ ಅಕ್ರೋಟು ತುಂಡು ಸಿಕ್ಕರೆ ಅದೇ ಚಿನ್ನ. ಹೊಸ ಮರಕ್ಕಿಂತ ಹಳೆ ಒಣಗಿದ ಮರ ಮೇಲು.

ಕೆಲಸವನ್ನು ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿಸಿ. ಈಗ ಮರ ಒದ್ದೆ, ಈಗ ಕೂರಿಸಿದ ತೇಪೆ ಆಮೇಲೆ ಬಾಯಿ ಬಿಡುತ್ತದೆ. ಚಕ್ಕೆ ಎದ್ದ ಜಾಗದ ಒಳಗೆ ತುಂಬಾ ಎಣ್ಣೆ ಇಳಿದಿರುತ್ತದೆ, ಕಬ್ಬಿಣಕ್ಕೆ ಹಾಕಿದ ಎಣ್ಣೆಯೆಲ್ಲ ಅಲ್ಲಿಗೇ ಹರಿಯುವುದು. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಉದುರಿಸಿ, ಕಲೆ ಬರುವುದು ನಿಲ್ಲುವವರೆಗೆ ಹೀಗೆ ಮಾಡಬೇಕು. ತೇಪೆಯ ನಾರು ಹಿಡಿಯ ನಾರಿನ ದಿಕ್ಕಿಗೇ ಇರಲಿ. ಅಂಚು ಚೌಕ ಬೇಡ, ಓರೆಯಾಗಿ ಕೊಯ್ದರೆ ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ಕುಳಿಗೆ ಸೇರುವ ಅಂಚಿನಲ್ಲಿ ತೆಳು ಕಾಗದದಷ್ಟು ಅಂತರ ಬಿಡಿ, ಮುಂದಿನ ಮಳೆಗಾಲಕ್ಕೆ ಅದು ಬೇಕು. ಬಡಗಿ ಇದನ್ನು ಕೇಳಿ ನಗಬಹುದು, ಸಂದಿಯಿಲ್ಲದೆ ಕೂರಿಸುವುದೇ ಅವರ ಹೆಮ್ಮೆ. ಆದರೂ ಬಿಡಿಸಿ.

ಕೊನೆಗೆ ವಾರ್ನಿಷ್ ಬೇಡ. ಆ ಕಾಲದ ಸೈನ್ಯ ಬಳಸಿದ್ದು ಹಸಿ ಅಗಸೆ ಎಣ್ಣೆ. ಕೈಯಲ್ಲಿ ತೆಳುವಾಗಿ ತಿಕ್ಕಿ, ಒಂದು ದಿನ ಬಿಟ್ಟು ಮತ್ತೆ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿಗೆ ಹಾಕಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಕಾಲೇಜಿನಲ್ಲಿ 3ಡಿ ಪ್ರಿಂಟರ್ ಇದೆ. ಅಜ್ಜನ ಕೋವಿಗೆ ಹೆಗಲ ಪಟ್ಟಿಯ ಬಳೆ, ನಳಿಗೆಯ ಬ್ಯಾಂಡ್, ಸಾಧ್ಯವಾದರೆ ಗುಂಡಿನ ಹಿಂಬದಿ ಮುಚ್ಚುವ ಬೋಲ್ಟಿನ ಭಾಗ ಪ್ರಿಂಟ್ ಮಾಡಬಹುದಾ? (ಕುಶಾಲನಗರ)

ಉತ್ತರ: ಬೋಲ್ಟಿನ ಭಾಗವನ್ನು ತಲೆಯಿಂದ ತೆಗೆದುಹಾಕಿ, ವಿರಾಜಪೇಟೆಯವರಿಗೆ ಹೇಳಿದ್ದೇ ನಿಮಗೂ. ಕಾಲೇಜಿನ ಯಂತ್ರದಲ್ಲಿ ಅಂಥದ್ದಕ್ಕೆ ಕೈ ಹಾಕಿದರೆ ನಿಮ್ಮ ಜೊತೆ ಪಾಪದ ಲ್ಯಾಬ್ ಮೇಷ್ಟ್ರೂ ಸಿಕ್ಕಿಬೀಳುತ್ತಾರೆ.

ಬಳೆ, ಬ್ಯಾಂಡ್ ವಿಷಯದಲ್ಲಿ ಪ್ರಿಂಟರ್ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಪ್ಲಾಸ್ಟಿಕ್ಕಿನ ಬ್ಯಾಂಡನ್ನೇ ಕೋವಿಗೆ ಹಾಕುವುದಲ್ಲ, ಅದನ್ನು ಅಳತೆ ನೋಡುವ ಮಾದರಿಯಾಗಿ ಬಳಸುವುದು. ಪ್ರಿಂಟ್ ಮಾಡಿ, ಮರದ ಮೇಲೆ ಜಾರಿಸಿ ನೋಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಗುರುತು ಹಾಕಿ, ತಿದ್ದಿ ಮತ್ತೆ ಪ್ರಿಂಟ್. ಮರದ ಮೇಲ್ಮೈ ಎಲ್ಲೂ ನೇರ ಇಲ್ಲ, ಕ್ಯಾಲಿಪರ್ ಒಂದನ್ನೇ ನಂಬಿ ಮಾಡಿದ ಬ್ಯಾಂಡ್ ಮೊದಲ ಸಲ ಕೂರುವುದೇ ಅಪರೂಪ. ಅಳತೆ ಸರಿಯಾದ ಮೇಲೆ ಆ ಮಾದರಿಯನ್ನು ಗನ್‌ಸ್ಮಿತ್‌ಗೆ ಕೊಟ್ಟರೆ ಅವರು ಲೋಹದಲ್ಲಿ ಮಾಡಿಸುತ್ತಾರೆ. ಎರಕ ಹೊಯ್ಸುವುದಾದರೆ ಫೈಲನ್ನೇ ಒಂದೂವರೆ ಪರ್ಸೆಂಟ್ ದೊಡ್ಡದು ಮಾಡಿ ಪ್ರಿಂಟ್ ತೆಗೆದರಾಯಿತು. ಪೊನ್ನಂಪೇಟೆಯವರು ಮೇಣ ಹಚ್ಚಿ ಕಷ್ಟಪಡುವುದನ್ನು ನೀವು ಒಂದು ಬಟನ್ ಒತ್ತಿ ಮಾಡಬಹುದು. ಹೆಗಲ ಪಟ್ಟಿಯ ಬಳೆಗೆ ಅಷ್ಟೆಲ್ಲ ಬೇಡ, ಅದು ಬಗ್ಗಿಸಿದ ಉಕ್ಕಿನ ಸರಳು, ಸರಿಯಾದ ದಪ್ಪದ್ದು ಸಿಕ್ಕರೆ ಮುಗಿಯಿತು.

ಚುಟುಕು ಉತ್ತರಗಳು

*ತುಕ್ಕು ಹಿಡಿದ ತಿರುಪು ಬರುತ್ತಿಲ್ಲ.* ತೆಳು ಎಣ್ಣೆ ಬಿಟ್ಟು ಕಾಯಿರಿ, ದಿನಾ ಒಂದು ಹನಿ. ಸ್ಕ್ರೂಡ್ರೈವರ್ ತುದಿಯನ್ನು ಆ ಗೆರೆಗೆ ತಕ್ಕ ಹಾಗೆ ಉಜ್ಜಿಕೊಳ್ಳಿ, ಅಂಗಡಿಯದ್ದು ತುದಿಗೆ ಚೂಪಾಗುತ್ತಾ ಬರುವುದರಿಂದ ಮೇಲಕ್ಕೆ ಜಾರಿ ತಲೆ ಕೆಡಿಸುತ್ತದೆ. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. (ಮೂರ್ನಾಡಿನವರಿಗೆ)

*ಹಬ್ಬಕ್ಕೆ ಹೊಳೆಯಲಿ ಅಂತ ಎಮರಿ ಹಾಕಿ ಉಜ್ಜಬಹುದಾ?* ಬೇಡ. ಕಿರೀಟ, ವರ್ಷ, ಈಸ್ಟ್ ಇಂಡಿಯಾ ಕಂಪನಿಯ ಸಿಂಹ ಎಲ್ಲ ಕೂದಲಿನಷ್ಟು ಆಳದ ಗುರುತುಗಳು, ನಾಲ್ಕು ಹಬ್ಬಕ್ಕೆ ಅಳಿಸಿಹೋಗುತ್ತವೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು. ನಂಬರ್ ಅಳಿಸುವುದಂತೂ ಬೇರೆಯೇ ಅಪರಾಧ. (ಅಮ್ಮತ್ತಿಯವರಿಗೆ)

*ಮೈಸೂರಿಗೆ ರಿಪೇರಿಗೆ ತೆಗೆದುಕೊಂಡು ಹೋಗಬಹುದಾ?* ಜಿಲ್ಲೆಯ ಗಡಿ ದಾಟುವ ಮೊದಲು ವಿನಾಯಿತಿ ಪತ್ರ ತೋರಿಸಿ ಡಿಸಿ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಚೆಕ್‌ಪೋಸ್ಟ್‌ನಲ್ಲಿ ನಿಂತು ವಾದ ಮಾಡುವ ವಿಷಯ ಅಲ್ಲ ಇದು. (ಸಿದ್ದಾಪುರದವರಿಗೆ)

*ತುಂಬಾ ಹಳೆಯದು, ಹಾರುವುದೇ ಇಲ್ಲ, ಇದಕ್ಕೂ ಕಾಯ್ದೆ ಉಂಟಾ?* ಹಳೆ ಮಾದರಿಯದ್ದು, ಪುರಾತನ ಬೆಲೆಯದ್ದು ಅಥವಾ ಕೆಟ್ಟುಹೋದದ್ದು, ರಿಪೇರಿ ಮಾಡಿದರೂ ಹಾರಿಸಲು ಆಗದ್ದು ಅಂತಾದರೆ 45ನೇ ಸೆಕ್ಷನ್‌ನಲ್ಲಿ ಹೊರಗಿಟ್ಟಿದ್ದಾರೆ. ರಿಪೇರಿ ಮಾಡಿದರೂ ಅನ್ನುವ ಮಾತನ್ನು ಗಮನಿಸಿ. ಒಂದು ಪಿನ್ ಹಾಕಿದರೆ ಹಾರುವ ಕೋವಿ ಅದರೊಳಗೆ ಬರುವುದಿಲ್ಲ. (ಶನಿವಾರಸಂತೆಯವರಿಗೆ)

*ಮನೆಯ ಲೀ-ಎನ್‌ಫೀಲ್ಡ್‌ನ ಹಿಡಿಯ ಬಲಗಡೆ ದುಂಡಗಿನ ಗುಳಿ ಖಾಲಿ ಇದೆ, ಅಲ್ಲಿ ಏನಿತ್ತು? ಮಾಡಿಸಬಹುದಾ?* ಅಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು, ನಡುವೆ ಒಂದು ತಿರುಪು. ಯಾವ ಪಡೆಯ ಕೋವಿ ಅಂತ ಅದರ ಮೇಲೆ ಕೊರೆಯುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಎಷ್ಟೋ ಕೋವಿಗಳಲ್ಲಿ ಅದನ್ನು ಹಾಕುವುದನ್ನೇ ಬಿಟ್ಟರು, ಹಾಗಾಗಿ ನಿಮ್ಮದು ಕಾರ್ಖಾನೆಯಿಂದಲೇ ಖಾಲಿ ಬಂದಿರಲೂಬಹುದು. ಗುಳಿಯ ನಡುವೆ ತಿರುಪಿನ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಬಿಲ್ಲೆ ಯಾವತ್ತೂ ಇರಲಿಲ್ಲ, ಹಾಗೇ ಬಿಡಿ. ಇದ್ದರೆ ಹಿತ್ತಾಳೆ ತಗಡಿನಿಂದ ಮಾಡಿಸಬಹುದು, ಆದರೆ ಬರಿ ಬಿಲ್ಲೆ ಇರಲಿ. ಅಜ್ಜ ಇದ್ದ ರೆಜಿಮೆಂಟ್ ಅಂತ ಹೆಸರು ಕೊರೆಸಿದರೆ ಮುಂದೆ ಯಾರೋ 1916ರಲ್ಲೇ ಕೊರೆದದ್ದು ಅಂತ ನಂಬುತ್ತಾರೆ. ಇನ್ನು .303 ಸರ್ವಿಸ್ ಗುಂಡು ಹಿಡಿಯುವ ರೈಫಲ್ ಆದರೆ ನಿಯಮ ಬಿಗಿ, ಬಿಲ್ಲೆಯ ಆಸೆಗಿಂತ ಮೊದಲು ಅದರ ಕಾಗದಪತ್ರ ಯಾರ ಹೆಸರಿನಲ್ಲಿದೆ ಅಂತ ಹುಡುಕಿ ತೆಗೆಯಿರಿ. (ಸೋಮವಾರಪೇಟೆಯವರಿಗೆ)